ಯಾವ ಕೇಬಲ್ ಯಾವ ಹೆಸರಿಗೆ: ಹೋಂ ಥಿಯೇಟರ್‌ಗೆ ಇನ್‌ಪುಟ್ ಹೊಂದಿಸಿದ ಮೂರು ಭಾನುವಾರಗಳು

ಕಳೆದ ಮಳೆಗಾಲದಲ್ಲಿ ತುಮಕೂರಿನ ಸಿದ್ಧಗಂಗಾ ಬಡಾವಣೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಪುಟ್ಟ ಹೋಂ ಥಿಯೇಟರ್ ಮಾಡಿಕೊಂಡೆ. ಹದಿನಾರು ಅಡಿ ಉದ್ದ, ಹನ್ನೊಂದು ಅಡಿ ಅಗಲದ ಕೋಣೆ. ಐದು ಸ್ಪೀಕರ್, ತಗ್ಗಿನ ಸ್ವರಗಳಿಗೆಂದೇ ಒಂದು ಸಬ್‌ವೂಫರ್, ಗೋಡೆಗೆ ಕೂರಿಸಿದ ಟಿವಿ, ಬೆಂಗಳೂರಿನ ಪರಿಚಿತರೊಬ್ಬರು ನಾಲ್ಕು ವರ್ಷ ಬಳಸಿ ನನಗೆ ಮಾರಿದ ಆಡಿಯೊ ಪ್ರೊಸೆಸರ್ ಮತ್ತು ಅದರ ಜೊತೆಗೆ ಬಂದ ಐದು ಚಾನೆಲ್‌ನ, ಅಂದರೆ ಐದು ಸ್ಪೀಕರ್‌ಗಳಿಗೆ ಐದು ಬೇರೆ ಧ್ವನಿ ಕೊಡುವ, ಪವರ್ ಆಂಪ್ಲಿಫೈಯರ್. ಸ್ಪೀಕರ್‌ಗಳಿಗೆ ವೈರ್ ಎಳೆಯುವ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಆದರೆ ಟಿವಿ, ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಇವೆಲ್ಲವನ್ನೂ ಪ್ರೊಸೆಸರ್‌ಗೆ ಸರಿಯಾಗಿ ಪರಿಚಯಿಸುವುದಕ್ಕೆ, ಅಂದರೆ ಇನ್‌ಪುಟ್‌ಗಳನ್ನು ಹೊಂದಿಸುವುದಕ್ಕೆ, ಮೂರು ಭಾನುವಾರಗಳು ಬೇಕಾದವು. ಆ ಮೂರು ದಿನ ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ, ಹೇಗೆ ತಿದ್ದಿಕೊಂಡೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಸ್ಪೀಕರ್‌ಗೆ ಲಕ್ಷಗಟ್ಟಲೆ ಹಣ ಹಾಕಿದವರ ಮನೆಗಳಲ್ಲೂ ಈ ಕೆಲಸ ಅರೆಬರೆಯಾಗಿ ಉಳಿದಿರುವುದನ್ನು ನಾನು ಕಂಡಿದ್ದೇನೆ.

ಪ್ರೊಸೆಸರ್ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎವಿ ರಿಸೀವರ್‌ನಲ್ಲಿ ಎರಡು ಕೆಲಸಗಳು ಒಂದೇ ಡಬ್ಬದೊಳಗೆ ನಡೆಯುತ್ತವೆ: ಬಂದ ಸಂಕೇತವನ್ನು ಬಿಡಿಸಿ ಯಾವ ಸ್ಪೀಕರ್‌ಗೆ ಯಾವ ಧ್ವನಿ ಹೋಗಬೇಕೆಂದು ಹಂಚುವುದು ಒಂದು, ಹಾಗೆ ಹಂಚಿದ್ದನ್ನು ಸ್ಪೀಕರ್ ನಡೆಸುವಷ್ಟು ಬಲಪಡಿಸುವುದು ಇನ್ನೊಂದು. ಪ್ರೊಸೆಸರ್ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಎರಡನೆಯದು ಬೇರೆ ಆಂಪ್ಲಿಫೈಯರ್‌ನ ಪಾಲಿನದು. ಹಾಗಾಗಿ ಪ್ರೊಸೆಸರ್‌ನ ಹಿಂಬದಿಯಲ್ಲಿ ಸ್ಪೀಕರ್ ವೈರ್ ಸಿಕ್ಕಿಸುವ ಜಾಗವೇ ಇರುವುದಿಲ್ಲ. ಇರುವುದೆಲ್ಲ ಒಳಬರುವ ಮತ್ತು ಹೊರಹೋಗುವ ಸಂಕೇತಗಳ ಸಾಕೆಟ್‌ಗಳು: ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುವ ಏಳು ಎಚ್‌ಡಿಎಂಐ, ಡಿಜಿಟಲ್ ಧ್ವನಿಗೆ ಎರಡು ಆಪ್ಟಿಕಲ್ ಮತ್ತು ಎರಡು ಕೋಆಕ್ಸಿಯಲ್, ಅನಲಾಗ್ ಧ್ವನಿಗೆ ಕೆಂಪು ಬಿಳಿ ಬಣ್ಣದ ಆರ್‌ಸಿಎ ಜೋಡಿಗಳು ಸಾಲಾಗಿ, ಮತ್ತು ಒಂದು ಮೂಲೆಯಲ್ಲಿ ಟರ್ನ್‌ಟೇಬಲ್‌ಗೆಂದು, ಅಂದರೆ ರೆಕಾರ್ಡ್ ನುಡಿಸುವ ಸಾಧನಕ್ಕೆಂದು, ಫೋನೊ. ಪ್ರತಿ ಸಾಕೆಟ್‌ನ ಮೇಲೆ ಒಂದೊಂದು ಹೆಸರು ಅಚ್ಚಾಗಿರುತ್ತದೆ. ನನ್ನ ತೊಂದರೆ ಶುರುವಾದದ್ದೇ ಈ ಅಚ್ಚಾದ ಹೆಸರುಗಳಿಂದ.

ನಮ್ಮಲ್ಲಿ ಧ್ವನಿಯ ಮೂಲಗಳು ಐದು. ಅಮ್ಮ ಧಾರಾವಾಹಿ ಮತ್ತು ವಾರ್ತೆ ನೋಡುವ ಡಿಟಿಎಚ್ ಸೆಟ್‌ಟಾಪ್ ಬಾಕ್ಸ್, ನನ್ನ 4ಕೆ ಬ್ಲೂ-ರೇ ಪ್ಲೇಯರ್, ಟಿವಿಯ ಒಳಗೇ ಇರುವ ಓಟಿಟಿ ಆ್ಯಪ್‌ಗಳು, ಹಳೆಯ ಸಿಡಿ ಪ್ಲೇಯರ್, ಮತ್ತು ಅಪ್ಪನ ಟರ್ನ್‌ಟೇಬಲ್. ವೈರ್ ಎಳೆಯಲು ಬಂದಿದ್ದ ಕೆಲಸಗಾರರು ಹೋಗುವ ಮುನ್ನ ಕೈಗೆಟುಕಿದ ಸಾಕೆಟ್‌ಗೆ ಕೈಗೆ ಸಿಕ್ಕಿದ ಕೇಬಲ್ ಸಿಕ್ಕಿಸಿ ಹೋಗಿದ್ದರು; ಅವರಿಗೆ ನಾನು ಬೇರೆ ಏನನ್ನೂ ಹೇಳಿರಲಿಲ್ಲ. ಮೊದಲ ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಚಾಲೂ ಮಾಡಿದಾಗ, ರಜೆಗೆಂದು ಬಂದಿದ್ದ ತಂಗಿಯ ಮಗಳು ರಿಮೋಟ್ ಹಿಡಿದು ಒಂದೊಂದೇ ಗುಂಡಿ ಒತ್ತುತ್ತ ಹೋದಳು.

“ಮಾವ, ಬ್ಲೂ-ರೇ ಅಂತ ಒತ್ತಿದ್ರೆ ಅಜ್ಜಿಯ ಸೀರಿಯಲ್ ಬರ್ತಿದೆ. ಸಿಡಿ ಒತ್ತಿದ್ರೆ ಏನೂ ಇಲ್ಲ.”

ಅಂದು ಮಧ್ಯಾಹ್ನದವರೆಗೆ ನಾನು ಮಾಡಿದ್ದು ಕೇಬಲ್‌ಗಳನ್ನು ಕಿತ್ತು ಬೇರೆ ಬೇರೆ ಸಾಕೆಟ್‌ಗಳಿಗೆ ಹಾಕಿ ನೋಡುವುದನ್ನೇ. ರ‍್ಯಾಕ್‌ನ ಹಿಂದೆ ಟಾರ್ಚ್ ಹಿಡಿದು ಬಗ್ಗಿ, ಒಂದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಕೆಡುತ್ತಿತ್ತು. ಊಟವಾದ ಮೇಲೆ ಕೈಪಿಡಿಯನ್ನು ಮೊದಲಿನಿಂದ ನಿಧಾನವಾಗಿ ಓದಲು ಕುಳಿತಾಗ ಮೂಲಭೂತವಾದ ಒಂದು ಸಂಗತಿ ತಿಳಿಯಿತು. ರಿಮೋಟ್‌ನಲ್ಲಿ ಕಾಣುವ ‘ಬ್ಲೂ-ರೇ’ ಎಂಬುದು ಹಿಂಬದಿಯ ಸಾಕೆಟ್ ಅಲ್ಲ. ಅದು ಒಂದು ಹೆಸರು ಮಾತ್ರ. ಆ ಹೆಸರನ್ನು ಕರೆದಾಗ ಯಾವ ಸಾಕೆಟ್‌ನಿಂದ ಚಿತ್ರ ತರಬೇಕು, ಯಾವ ಸಾಕೆಟ್‌ನಿಂದ ಧ್ವನಿ ತರಬೇಕು ಎಂಬುದನ್ನು ಪ್ರೊಸೆಸರ್ ತನ್ನೊಳಗಿನ ಒಂದು ಕೋಷ್ಟಕವನ್ನು ನೋಡಿ ನಿರ್ಧರಿಸುತ್ತದೆ. ಮೆನುವಿನಲ್ಲಿ ಇನ್‌ಪುಟ್ ಅಸೈನ್ ಎಂಬ ಪುಟ ತೆರೆದರೆ ಆ ಕೋಷ್ಟಕ ಪರದೆಯ ಮೇಲೆ ಕಾಣುತ್ತದೆ: ಎಡಗಡೆ ಮೂಲಗಳ ಹೆಸರುಗಳ ಸಾಲು, ಅದರ ಎದುರಿಗೆ ಎಚ್‌ಡಿಎಂಐ, ಡಿಜಿಟಲ್, ಅನಲಾಗ್ ಎಂಬ ಅಂಕಣಗಳು. ಕಾರ್ಖಾನೆಯಿಂದ ಬರುವಾಗ ಆ ಅಂಕಣಗಳು ಸಾಕೆಟ್‌ನ ಮೇಲಿನ ಅಚ್ಚಿನ ಹೆಸರಿಗೆ ಹೊಂದುವಂತೆ ತುಂಬಿರುತ್ತವೆ. ಹಿಂದಿನ ಮಾಲೀಕರು ತಮ್ಮ ಅನುಕೂಲಕ್ಕೆ ಅವನ್ನು ಬದಲಿಸಿದ್ದರು. ಹೀಗಾಗಿ ನಾನು ಕೇಬಲ್ ಅನ್ನು ಅಚ್ಚಿನ ಹೆಸರಿನ ಪ್ರಕಾರ ಸರಿಯಾಗಿಯೇ ಹಾಕಿದರೂ ಪ್ರೊಸೆಸರ್ ಹಳೆಯ ಮನೆಯ ಲೆಕ್ಕದಲ್ಲಿ ಹುಡುಕುತ್ತಿತ್ತು.

ಬಳಸಿದ ಪ್ರೊಸೆಸರ್ ಕೊಂಡವರು ಮೊದಲು ಮಾಡಬೇಕಾದದ್ದು ಅದನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವುದು. ನಾನು ಆ ಸಂಜೆ ಹಾಗೆ ಮಾಡಿ, ಎಲ್ಲ ಕೇಬಲ್‌ಗಳನ್ನೂ ಬಿಚ್ಚಿ ನೆಲದ ಮೇಲೆ ಹಾಸಿದೆ. ಕ್ಯಾಲೆಂಡರ್‌ನ ಹರಿದ ಹಾಳೆಯೊಂದರ ಹಿಂಬದಿಯಲ್ಲಿ ಅದೇ ಕೋಷ್ಟಕವನ್ನು ಕೈಯಿಂದ ಬರೆದು, ಐದು ಮೂಲಗಳಿಗೆ ಐದು ಸಾಲು ಹಾಕಿ, ಪ್ರತಿ ಸಾಲಿನಲ್ಲೂ ಒಂದೇ ಒಂದು ಧ್ವನಿ ಮಾರ್ಗ ಇರಬೇಕೆಂದು ನಿಶ್ಚಯಿಸಿದೆ. ಗಾಯಕ್ಕೆ ಸುತ್ತುವ ಬಿಳಿ ಅಂಟುಪಟ್ಟಿಯನ್ನು ಎರಡೆರಡು ಅಂಗುಲ ಕತ್ತರಿಸಿ, ಪ್ರತಿ ಕೇಬಲ್‌ನ ಎರಡೂ ತುದಿಗೆ ಬಾವುಟದಂತೆ ಮಡಚಿ ಅಂಟಿಸಿ, ಮಾರ್ಕರ್‌ನಿಂದ ಹೆಸರು ಬರೆದೆವು. ತಂಗಿಯ ಮಗಳ ಅಕ್ಷರ ದುಂಡಗಿದ್ದುದರಿಂದ ಬರೆಯುವ ಕೆಲಸ ಅವಳದಾಯಿತು. ‘ಡಿಟಿಎಚ್ – 1’, ‘ಬ್ಲೂ-ರೇ – 3’, ‘ಟಿವಿಗೆ’ ಎಂದು ಅವಳು ಬರೆದ ಆ ಪಟ್ಟಿಗಳು ಇಂದಿಗೂ ಕೇಬಲ್‌ಗಳ ಮೇಲಿವೆ. ಒಂದು ತುದಿಗೆ ಮಾತ್ರ ಗುರುತು ಹಾಕಿದರೆ ರ‍್ಯಾಕ್‌ನ ಹಿಂದೆ ಕೈ ಹಾಕಿದಾಗ ಅದು ಪ್ರಯೋಜನಕ್ಕೆ ಬರುವುದಿಲ್ಲ. ಎರಡೂ ತುದಿಗೆ ಇರಲೇಬೇಕು.

ಎರಡನೆಯ ಭಾನುವಾರ ಒಂದು ನಿಯಮ ಹಾಕಿಕೊಂಡೆ. ಒಂದು ಮೂಲವನ್ನು ಸಿಕ್ಕಿಸಿ, ಅದಕ್ಕೆ ಕೋಷ್ಟಕದಲ್ಲಿ ಸಾಲು ತುಂಬಿ, ಚಿತ್ರವೂ ಧ್ವನಿಯೂ ಸರಿಯಾಗಿ ಬಂದದ್ದನ್ನು ಖಚಿತಪಡಿಸಿಕೊಂಡ ನಂತರವೇ ಮುಂದಿನದನ್ನು ಮುಟ್ಟುವುದು. ಮೊದಲನೆಯದು ಸೆಟ್‌ಟಾಪ್ ಬಾಕ್ಸ್. ಎಚ್‌ಡಿಎಂಐ 1ಕ್ಕೆ ಹಾಕಿದೆ, ಕೂಡಲೇ ಬಂತು. ನಮ್ಮ ಮನೆಯಲ್ಲಿ ನೋಡುವ ಕನ್ನಡ ಟಿವಿ ವಾಹಿನಿಗಳ ಧ್ವನಿ ಎರಡೇ ಚಾನೆಲ್‌ನದು, ಅಂದರೆ ಎಡಕ್ಕೊಂದು ಬಲಕ್ಕೊಂದು ಧ್ವನಿಯಿರುವ ಸ್ಟಿರಿಯೊ. ಅದನ್ನು ಹಾಗೆಯೇ ಬಿಟ್ಟರೆ ಮಾತು ಎಡ ಬಲದ ಸ್ಪೀಕರ್‌ಗಳಿಂದ ಬರುತ್ತದೆ. ಕೋಣೆಯ ಬಲಮೂಲೆಯ ದಿವಾನದ ಮೇಲೆ ಕೂರುವ ಅಮ್ಮನಿಗೆ ಎಲ್ಲರೂ ಬಲಗಡೆಯಿಂದಲೇ ಮಾತನಾಡಿದಂತೆ ಕೇಳಿಸುತ್ತದೆ. ಈ ಮೂಲಕ್ಕೆ ಮಾತ್ರ ಡಾಲ್ಬಿ ಸರೌಂಡ್ ಎಂಬ ಧ್ವನಿ ವಿಧಾನವನ್ನು ಆರಿಸಿದಾಗ, ಎರಡೂ ಚಾನೆಲ್‌ಗಳಲ್ಲಿ ಸಮನಾಗಿರುವ ಮಾತಿನ ಭಾಗವನ್ನು ಪ್ರೊಸೆಸರ್ ಗುರುತಿಸಿ ಟಿವಿಯ ಕೆಳಗಿನ ನಡುಸ್ಪೀಕರ್‌ಗೆ ಕಳಿಸಿತು. ಪಾತ್ರಗಳ ಬಾಯಿಂದಲೇ ಮಾತು ಹೊರಟಂತಾಯಿತು. ನನ್ನ ಪ್ರೊಸೆಸರ್ ಪ್ರತಿ ಮೂಲಕ್ಕೂ ಕೊನೆಯ ಬಾರಿ ಆರಿಸಿದ ಧ್ವನಿ ವಿಧಾನವನ್ನು ನೆನಪಿಟ್ಟುಕೊಳ್ಳುತ್ತದೆಯಾದ್ದರಿಂದ ಇದನ್ನು ಮತ್ತೆ ಮುಟ್ಟಬೇಕಾಗಿ ಬಂದಿಲ್ಲ.

ಬ್ಲೂ-ರೇ ಪ್ಲೇಯರ್‌ನಲ್ಲಿ ಧ್ವನಿ ಬಂತು, ಆದರೆ ನಾನು ಬಯಸಿದ ರೂಪದಲ್ಲಿ ಬರಲಿಲ್ಲ. ಡಿಸ್ಕ್‌ನ ಹೊದಿಕೆಯ ಮೇಲೆ ಡಾಲ್ಬಿ ಟ್ರೂಎಚ್‌ಡಿ ಎಂಬ ಧ್ವನಿ ರೂಪದ ಹೆಸರಿದ್ದರೂ ಪ್ರೊಸೆಸರ್‌ನ ಮುಂಭಾಗದ ಪಟ್ಟಿಯಲ್ಲಿ ಮಲ್ಟಿಚಾನೆಲ್ ಪಿಸಿಎಂ ಎಂದು ತೋರಿಸುತ್ತಿತ್ತು. ಅಂದರೆ ಸಂಕೇತ ಬಿಡಿಸುವ ಕೆಲಸವನ್ನು ಪ್ಲೇಯರೇ ಮಾಡಿ, ಬಿಡಿಸಿದ್ದನ್ನು ಕಳಿಸುತ್ತಿತ್ತು. ಐದು ಸ್ಪೀಕರ್‌ಗಳ ನಮ್ಮ ಕೋಣೆಯಲ್ಲಿ ಇದರಿಂದ ಕಿವಿಗೆ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಮುಂದೆ ಚಾವಣಿಗೆ ಸ್ಪೀಕರ್ ಹಾಕಿಸಿ ಅಟ್ಮಾಸ್, ಅಂದರೆ ತಲೆಯ ಮೇಲಿನಿಂದಲೂ ಬರುವ ಧ್ವನಿ, ಕೇಳಬೇಕೆಂದರೆ ಮೂಲ ಸಂಕೇತ ಬಿಡಿಸದೆಯೇ ಪ್ರೊಸೆಸರ್ ತಲುಪಬೇಕು. ಪ್ಲೇಯರ್‌ನ ಮೆನುವಿನಲ್ಲಿ ಡಿಜಿಟಲ್ ಔಟ್ ಅನ್ನು ಬಿಟ್‌ಸ್ಟ್ರೀಮ್‌ಗೆ, ಅಂದರೆ ಸಂಕೇತವನ್ನು ಬಿಡಿಸದೆ ಕಳಿಸುವ ಆಯ್ಕೆಗೆ, ಬದಲಿಸಿದರೂ ಸರಿಹೋಗಲಿಲ್ಲ. ಕಾರಣ ಇನ್ನೊಂದು ಪುಟದಲ್ಲಿ ಅಡಗಿತ್ತು: ಸೆಕೆಂಡರಿ ಆಡಿಯೊ ಎಂಬ ಆಯ್ಕೆ ಆನ್ ಆಗಿತ್ತು. ಮೆನುವಿನ ಗುಂಡಿ ಒತ್ತಿದ ಸದ್ದನ್ನೂ ನಿರ್ದೇಶಕರ ವಿವರಣೆಯನ್ನೂ ಚಿತ್ರದ ಧ್ವನಿಯೊಂದಿಗೆ ಬೆರೆಸಬೇಕಾದರೆ ಪ್ಲೇಯರ್ ಮೊದಲು ಎಲ್ಲವನ್ನೂ ಬಿಡಿಸಲೇಬೇಕಾಗುತ್ತದೆ. ಅದನ್ನು ಆಫ್ ಮಾಡಿದೊಡನೆ ಪಟ್ಟಿಯಲ್ಲಿ ಡಾಲ್ಬಿ ಟ್ರೂಎಚ್‌ಡಿ ಎಂಬ ಅಕ್ಷರಗಳು ಮೂಡಿದವು.

ಇದೇ ಪ್ಲೇಯರ್‌ನಲ್ಲಿ ಇನ್ನೊಂದು ಕಾಟವೂ ಇತ್ತು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಚಿತ್ರವೂ ಧ್ವನಿಯೂ ಎರಡು ಸೆಕೆಂಡು ಮಾಯವಾಗಿ ಮತ್ತೆ ಬರುತ್ತಿದ್ದವು. ಪ್ರೊಸೆಸರ್‌ನಲ್ಲಿ 4ಕೆ ಸಂಕೇತದ ರೂಪವನ್ನು ಸ್ಟ್ಯಾಂಡರ್ಡ್‌ನಿಂದ ಎನ್‌ಹಾನ್ಸ್ಡ್‌ಗೆ ಏರಿಸಿದ ಮೇಲೆಯೇ ಇದು ಶುರುವಾದದ್ದು, ಏಕೆಂದರೆ ಹಾಗೆ ಏರಿಸಿದಾಗ ಕೇಬಲ್‌ನ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ನನ್ನ ಬಳಿ ಇದ್ದ ಕೇಬಲ್ ಹಳೆಯದು. ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಬಲ್ಲದೆಂದು ಪರೀಕ್ಷೆಯಾದ ಕೇಬಲ್‌ಗಳಿಗೆ ಪ್ರೀಮಿಯಂ ಹೈ ಸ್ಪೀಡ್ ಎಂಬ ಗುರುತಿರುತ್ತದೆ, ಪೊಟ್ಟಣದ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಬಹುದಾದ ಚೀಟಿಯೂ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಅಂಥ ಎರಡು ಮೀಟರ್‌ನ ಕೇಬಲ್‌ಗಳನ್ನು ಆರಿಸಿ ತಂದೆ, ಕಾಟ ನಿಂತಿತು. ಪ್ಲೇಯರ್‌ನಿಂದ ಪ್ರೊಸೆಸರ್‌ಗೆ ಮತ್ತು ಪ್ರೊಸೆಸರ್‌ನಿಂದ ಟಿವಿಗೆ ಹೋಗುವ ಎರಡೂ ಕೇಬಲ್‌ಗಳು ಒಂದೇ ಮಟ್ಟದವಾಗಿರಬೇಕು. ಒಂದನ್ನು ಮಾತ್ರ ಬದಲಿಸಿದರೆ ಹೊರೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಟಿವಿಯಲ್ಲೂ ಆ ಸಾಕೆಟ್‌ಗೆ ಮೀಸಲಾದ ಬಣ್ಣದ ಆಯ್ಕೆಯನ್ನು ಆನ್ ಮಾಡುವವರೆಗೆ ಎಚ್‌ಡಿಆರ್, ಅಂದರೆ ಬೆಳಕು ನೆರಳಿನ ಅಂತರ ಹೆಚ್ಚಿರುವ ಚಿತ್ರ, ಬರಲಿಲ್ಲ.

ಟಿವಿಯ ಆ್ಯಪ್‌ಗಳ ವಿಷಯ ಸ್ವಲ್ಪ ಬೇರೆ. ಉಳಿದ ಮೂಲಗಳ ಚಿತ್ರ ಮತ್ತು ಧ್ವನಿ ಪ್ರೊಸೆಸರ್‌ಗೆ ಬಂದು ಅಲ್ಲಿಂದ ಚಿತ್ರ ಟಿವಿಗೆ ಹೋಗುತ್ತದೆ. ಆ್ಯಪ್‌ಗಳಲ್ಲಿ ಚಿತ್ರ ಟಿವಿಯೊಳಗೇ ಹುಟ್ಟುವುದರಿಂದ ಧ್ವನಿ ಮಾತ್ರ ಹಿಮ್ಮುಖವಾಗಿ ಪ್ರೊಸೆಸರ್‌ಗೆ ಬರಬೇಕು. ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಹೀಗೆ ಧ್ವನಿಯನ್ನು ಹಿಂದಕ್ಕೆ ತರುವ ಎಆರ್‌ಸಿ ಎಂಬ ವ್ಯವಸ್ಥೆ 2009ರಲ್ಲಿ ಎಚ್‌ಡಿಎಂಐ 1.4ರೊಂದಿಗೆ ಬಂತು, 2017ರ ಎಚ್‌ಡಿಎಂಐ 2.1ರಲ್ಲಿ ಅದು ಇಎಆರ್‌ಸಿಯಾಗಿ ಬಲಗೊಂಡು, ಟ್ರೂಎಚ್‌ಡಿಯಂಥ ನಷ್ಟವಿಲ್ಲದ ಧ್ವನಿಯನ್ನೂ ಹೊರುವಂತಾಯಿತು. ಈ ಸೌಲಭ್ಯ ಟಿವಿಯ ಎಲ್ಲ ಸಾಕೆಟ್‌ಗಳಲ್ಲೂ ಇರುವುದಿಲ್ಲ. ನಮ್ಮ ಟಿವಿಯಲ್ಲಿ ಅದು ಎರಡನೆಯದು. ನಾನು ಒಂದನೆಯದಕ್ಕೆ ಹಾಕಿದ್ದೆ. ಚಿತ್ರ ಚೆನ್ನಾಗಿಯೇ ಬರುತ್ತಿದ್ದುದರಿಂದ ತಪ್ಪು ಅಲ್ಲಿದೆ ಎಂದು ಹೊಳೆಯಲೇ ಇಲ್ಲ, ಒಂದೂವರೆ ಗಂಟೆ ಪ್ರೊಸೆಸರ್‌ನ ಮೆನುವಿನಲ್ಲೇ ಹುಡುಕಿದೆ. ಕೇಬಲ್ ಬದಲಿಸಿ, ಸಾಧನಗಳು ಕೇಬಲ್ ಮೂಲಕವೇ ಒಂದನ್ನೊಂದು ನಡೆಸುವ ಎಚ್‌ಡಿಎಂಐ ಕಂಟ್ರೋಲ್ ಅನ್ನು ಎರಡೂ ಕಡೆ ಆನ್ ಮಾಡಿ, ಟಿವಿಯ ಡಿಜಿಟಲ್ ಧ್ವನಿಯನ್ನು ಪಿಸಿಎಂನಿಂದ, ಸಂಕೇತವನ್ನು ಇದ್ದಂತೆಯೇ ದಾಟಿಸುವ ಪಾಸ್‌ಥ್ರೂಗೆ ತಿರುಗಿಸಿದಾಗ ಓಟಿಟಿಯ ಸಿನಿಮಾ ಡಾಲ್ಬಿ ಡಿಜಿಟಲ್ ಪ್ಲಸ್ ಎಂದು ತೋರಿಸುತ್ತ ಐದೂ ಸ್ಪೀಕರ್‌ಗಳಲ್ಲಿ ತೆರೆದುಕೊಂಡಿತು. ಪಿಸಿಎಂನಲ್ಲೇ ಬಿಟ್ಟಿದ್ದರೆ ನಮ್ಮ ಟಿವಿ ಎರಡೇ ಚಾನೆಲ್ ಕಳಿಸುತ್ತಿತ್ತು. ಈ ಒಂದು ಆಯ್ಕೆಯನ್ನು ನೋಡದೆ ವರ್ಷಗಟ್ಟಲೆ ಸ್ಟಿರಿಯೊ ಕೇಳುತ್ತಿರುವ ಮನೆಗಳು ನಮ್ಮ ಪರಿಚಯದಲ್ಲೇ ಎರಡಿವೆ, ಎರಡನ್ನೂ ಆಮೇಲೆ ನಾನೇ ಹೋಗಿ ಸರಿಪಡಿಸಿ ಬಂದೆ.

ಸಿಡಿ ಪ್ಲೇಯರ್ ಮೌನವಾಗಿದ್ದುದಕ್ಕೆ ಕಾರಣ ಕೋಷ್ಟಕದಲ್ಲೇ ಇತ್ತು. ನಾನು ಕೆಂಪು ಬಿಳಿ ಅನಲಾಗ್ ಕೇಬಲ್‌ನಿಂದ ಜೋಡಿಸಿದ್ದೆ. ಆದರೆ ‘ಸಿಡಿ’ ಸಾಲಿನಲ್ಲಿ ಡಿಜಿಟಲ್ ಅಂಕಣವೂ ತುಂಬಿತ್ತು, ಮತ್ತು ಆ ಸಾಲಿನ ಆಯ್ಕೆ ಡಿಜಿಟಲ್‌ಗೆ ಕಟ್ಟುಬಿದ್ದಿತ್ತು. ಖಾಲಿ ಆಪ್ಟಿಕಲ್ ಸಾಕೆಟ್‌ನತ್ತ ಪ್ರೊಸೆಸರ್ ಕಿವಿಗೊಟ್ಟು ಕುಳಿತಿತ್ತು. ಆ ಅಂಕಣವನ್ನು ಬರಿದು ಮಾಡಿದೊಡನೆ ಹಾಡು ಬಂತು. ಬಳಸದ ಅಂಕಣಗಳನ್ನು ಬರಿದು ಮಾಡುವುದು ಬಳಸುವ ಅಂಕಣಗಳನ್ನು ತುಂಬುವಷ್ಟೇ ಮುಖ್ಯವೆಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಅಪ್ಪನ ಟರ್ನ್‌ಟೇಬಲ್‌ಗೆ ಮೂರನೆಯ ಭಾನುವಾರವಿಡೀ ಹಿಡಿಯಿತು. ಅಪ್ಪ ಗುಬ್ಬಿಯಲ್ಲಿ ಹುಟ್ಟಿ ಬೆಳೆದವರು. ಗುಬ್ಬಿ ವೀರಣ್ಣನವರ ಕಂಪನಿಯ ನಾಟಕಗಳನ್ನು ಹುಡುಗನಾಗಿ ನೋಡಿ, ಆ ಹಾರ್ಮೋನಿಯಂ ಸದ್ದನ್ನು ಇಂದಿಗೂ ಮನಸ್ಸಿನಲ್ಲಿ ಇಟ್ಟುಕೊಂಡವರು. ಅವರ ಬಳಿ ಮೂವತ್ತಕ್ಕೂ ಹೆಚ್ಚು ಎಲ್‌ಪಿ ರೆಕಾರ್ಡ್‌ಗಳಿವೆ: ರಂಗಗೀತೆ, ವಚನ, ದೇವರನಾಮ, ಹಳೆಯ ಸಿನಿಮಾ ಹಾಡು. ರೆಕಾರ್ಡ್ ಅನ್ನು ಕೋಶದಿಂದ ಎಳೆಯುವಾಗ ಅವರು ಬೆರಳನ್ನು ಗೀರುಗಳ ಮೇಲೆ ಇಡುವುದಿಲ್ಲ. ಅಂಗೈಯನ್ನು ಅಂಚಿಗೂ ಬೆರಳ ತುದಿಯನ್ನು ನಡುವಿನ ಚೀಟಿಗೂ ಕೊಟ್ಟು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಧೂಳು ನೋಡಿ, ಆಮೇಲೆ ತಟ್ಟೆಯ ಮೇಲಿಡುತ್ತಾರೆ. ಇದಿಷ್ಟೂ ಕೋಣೆಯನ್ನು ನಾನು ಮಾಡಿಸಿದ್ದರ ಅರ್ಧ ಕಾರಣ ಅವರ ಆ ರೆಕಾರ್ಡ್‌ಗಳೇ.

ಟರ್ನ್‌ಟೇಬಲ್‌ನ ವೈರ್ ಗಿಡ್ಡವಿತ್ತು, ಫೋನೊ ಸಾಕೆಟ್ ದೂರದ ಮೂಲೆಯಲ್ಲಿತ್ತು. ಸಾಕೆಟ್‌ಗಳು ನೋಡಲು ಒಂದೇ ಥರ ಇರುವುದರಿಂದ ಹತ್ತಿರದ ಖಾಲಿ ಆರ್‌ಸಿಎ ಜೋಡಿಗೆ ಸಿಕ್ಕಿಸಿ, ಕೋಷ್ಟಕದಲ್ಲಿ ಹೆಸರು ಕೊಟ್ಟು, ಅಪ್ಪನನ್ನು ಕರೆದೆ. ವಾಲ್ಯೂಮ್ ಎಷ್ಟು ಏರಿಸಿದರೂ ಹಾಡು ದೂರದ ಬೀದಿಯಿಂದ ಬಂದಂತೆ ಕೇಳಿಸಿತು.

“ತಗಡಿನ ಡಬ್ಬದೊಳಗೆ ಕೂತು ಹಾಡಿದ ಹಾಗಿದೆ ಕಣಪ್ಪ. ತಬಲಾನೇ ಇಲ್ವಲ್ಲ,” ಎಂದರು ಅಪ್ಪ.

ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಸಿಡಿ ಪ್ಲೇಯರ್‌ನಿಂದ ಹೊರಬರುವ ಸಂಕೇತ ಗರಿಷ್ಠ 2 ವೋಲ್ಟ್‌ನಷ್ಟು ಇರುತ್ತದೆ. ರೆಕಾರ್ಡ್‌ನ ಗೀರಿನಲ್ಲಿ ಓಡುವ ಮುಳ್ಳು ಹುಟ್ಟಿಸುವುದು ಕೇವಲ ನಾಲ್ಕೈದು ಮಿಲಿವೋಲ್ಟ್. ನಾನೂರು ಪಟ್ಟು ಚಿಕ್ಕದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ತಗ್ಗಿನ ಸ್ವರಗಳನ್ನು ಇದ್ದಂತೆಯೇ ಕೆತ್ತಿದರೆ ಗೀರು ಅಗಲವಾಗಿ ಓಲಾಡಿ ಪಕ್ಕದ ಗೀರಿಗೆ ತಾಗುತ್ತದೆ, ಆದ್ದರಿಂದ ಕೆತ್ತುವಾಗಲೇ ಅವನ್ನು ತಗ್ಗಿಸಿ, ಮೇಲಿನ ಸ್ವರಗಳನ್ನು ಹೆಚ್ಚಿಸಿರುತ್ತಾರೆ. ನುಡಿಸುವಾಗ ಅದನ್ನು ಸರಿಯಾಗಿ ತಲೆಕೆಳಗು ಮಾಡಬೇಕು. 1954ರಿಂದ ಈ ಏರಿಳಿತಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ಚಾಲ್ತಿಗೆ ಬಂದಿದೆ. ಅದರ ಪ್ರಕಾರ 20 ಹರ್ಟ್ಸ್‌ನ ಆಳದ ಸ್ವರವನ್ನು ಸುಮಾರು 20 ಡೆಸಿಬೆಲ್ ಎತ್ತಿ, 20 ಸಾವಿರ ಹರ್ಟ್ಸ್‌ನ ತೀಕ್ಷ್ಣ ಸ್ವರವನ್ನು ಅಷ್ಟೇ ಇಳಿಸಬೇಕು. ಈ ಎರಡೂ ಕೆಲಸಗಳನ್ನು ಮಾಡುವ ಸರ್ಕ್ಯೂಟ್ ಇರುವುದು ಫೋನೊ ಸಾಕೆಟ್‌ನ ಹಿಂದೆ ಮಾತ್ರ. ಉಳಿದ ಯಾವ ಸಾಕೆಟ್‌ಗೆ ಯಾವ ಹೆಸರನ್ನು ಬೇಕಾದರೂ ಕೊಡಬಹುದು, ಫೋನೊವನ್ನು ಮಾತ್ರ ಬೇರೆಡೆಗೆ ಒಯ್ಯಲಾಗದು. ಹೆಸರು ಬೇರೆ, ಸಾಕೆಟ್ ಬೇರೆ ಎಂಬ ನನ್ನ ಹೊಸ ತಿಳಿವಳಿಕೆಗೆ ಇದ್ದ ಒಂದೇ ಅಪವಾದ ಇದಾಗಿತ್ತು.

ಟರ್ನ್‌ಟೇಬಲ್ ಇಟ್ಟ ಮೇಜನ್ನೇ ರ‍್ಯಾಕ್‌ನ ಇನ್ನೊಂದು ಬದಿಗೆ ಸರಿಸಿ, ಫೋನೊಗೆ ಹಾಕಿದೆ. ಹಾಡು ತುಂಬಿಕೊಂಡು ಬಂತು, ತಬಲಾವೂ ಬಂತು. ಆದರೆ ಅದರ ಅಡಿಯಲ್ಲಿ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಂತೆ ಗುಂಯ್ ಎನ್ನುವ ಸದ್ದೂ ಸೇರಿಕೊಂಡಿತ್ತು. ಅದು ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್. ಮಿಲಿವೋಲ್ಟ್‌ಗಳಷ್ಟು ಸಣ್ಣ ಸಂಕೇತವನ್ನು ನೂರಾರು ಪಟ್ಟು ಹಿಗ್ಗಿಸುವಾಗ ಸುತ್ತಲಿನ ವೈರುಗಳಿಂದ ಸೇರಿದ ಸಣ್ಣ ಗುಂಯ್‌ಗುಟ್ಟುವಿಕೆಯೂ ಹಿಗ್ಗುತ್ತದೆ. ಟರ್ನ್‌ಟೇಬಲ್‌ನ ಕೇಬಲ್ ಜೊತೆಗೆ ತೆಳುವಾದ ಮೂರನೆಯ ವೈರೊಂದು, ತುದಿಯಲ್ಲಿ ಕವಲೊಡೆದ ತಗಡಿನ ತುಂಡಿನೊಂದಿಗೆ ಜೋತುಬಿದ್ದಿತ್ತು. ಅದು ಅರ್ತ್ ವೈರ್. ಪ್ರೊಸೆಸರ್‌ನ ಫೋನೊ ಪಕ್ಕದಲ್ಲೇ ಅದಕ್ಕೊಂದು ತಿರುಪು ಇರುತ್ತದೆ. ತಿರುಪನ್ನು ಬೆರಳಿನಿಂದ ಸಡಿಲಿಸಿ, ಕವಲನ್ನು ಅದರಡಿ ತೂರಿಸಿ ಬಿಗಿಗೊಳಿಸುತ್ತಿದ್ದಂತೆ, ಇನ್ನೂ ಅರ್ಧ ಸುತ್ತು ಬಾಕಿಯಿರುವಾಗಲೇ ಗುಂಯ್ ಸದ್ದು ಒಮ್ಮೆಗೇ ಅಡಗಿತು. ನಂತರ ಕರೆಂಟಿನ ವೈರುಗಳ ಕಟ್ಟನ್ನು ಎಡಗಡೆಗೂ ಧ್ವನಿಯ ಕೇಬಲ್‌ಗಳನ್ನು ಬಲಗಡೆಗೂ ಬೇರ್ಪಡಿಸಿ ಕಟ್ಟಿದ ಮೇಲೆ ಉಳಿದಿದ್ದ ಚೂರುಪಾರೂ ಹೋಯಿತು.

ಫೋನೊ ಮೂಲಕ್ಕೆ ಯಾವ ಧ್ವನಿ ವಿಧಾನ ಇಡಬೇಕೆಂಬುದರಲ್ಲಿ ಅಪ್ಪನ ಮಾತೇ ಕೊನೆಯದಾಯಿತು. ಐದೂ ಸ್ಪೀಕರ್‌ಗಳಲ್ಲಿ ಕೇಳಿಸಿದೆ, ಅವರಿಗೆ ಹಿಡಿಸಲಿಲ್ಲ. ಹಾಡುವವರು ಎದುರಿಗಿರಬೇಕು, ಬೆನ್ನ ಹಿಂದೆ ಯಾರೂ ಇರಬಾರದು ಎಂದರು. ಸ್ಟಿರಿಯೊ ವಿಧಾನದಲ್ಲಿ ಎರಡು ಸ್ಪೀಕರ್ ಮತ್ತು ಸಬ್‌ವೂಫರ್ ಮಾತ್ರ ನುಡಿಯುವಂತೆ ಇಟ್ಟೆ.

ಮೂಲಗಳೆಲ್ಲ ನೆಲೆಗೊಂಡ ಮೇಲೆ ಅವುಗಳ ಮಟ್ಟ ಹೊಂದಿಸುವುದು ಬಾಕಿಯಿತ್ತು. ರೆಕಾರ್ಡ್ ಕೇಳಿ ಮುಗಿಸಿ ಅಪ್ಪ ಎದ್ದ ಮೇಲೆ ಅದೇ ವಾಲ್ಯೂಮ್‌ನಲ್ಲಿ ಅಮ್ಮ ಡಿಟಿಎಚ್ ಹಾಕಿದರೆ ಜಾಹೀರಾತಿನ ಸದ್ದಿಗೆ ಬೆಚ್ಚಿಬೀಳುವಂತಾಗುತ್ತಿತ್ತು. ಸೋರ್ಸ್ ಲೆವೆಲ್ ಎಂಬ ಪುಟದಲ್ಲಿ ಪ್ರತಿ ಮೂಲದ ಮಟ್ಟವನ್ನು ಬೇರೆಯಾಗಿ ಏರಿಳಿಸಬಹುದು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು, ನಾವು ಕೂರುವ ಜಾಗದಲ್ಲೇ ಹಿಡಿದು, ಪ್ರತಿಯೊಂದರಲ್ಲೂ ಮನುಷ್ಯರ ಮಾತು ಅಥವಾ ಹಾಡು ಹೆಚ್ಚುಕಡಿಮೆ ಒಂದೇ ಅಂಕಿಗೆ ಬರುವಂತೆ ಮಾಡಿದೆ. ಫೋನಿನ ಅಳತೆ ನಿಖರವಲ್ಲ, ಆದರೆ ಒಂದಕ್ಕೊಂದು ಹೋಲಿಸಲು ಸಾಕು. ಡಿಟಿಎಚ್ ಅನ್ನು 5 ಡೆಸಿಬೆಲ್ ಇಳಿಸಿ, ಫೋನೊವನ್ನು 6 ಡೆಸಿಬೆಲ್ ಏರಿಸಬೇಕಾಯಿತು. ಈ ಹನ್ನೊಂದು ಡೆಸಿಬೆಲ್ ಸಣ್ಣ ಅಂತರವಲ್ಲ. 10 ಡೆಸಿಬೆಲ್ ಹೆಚ್ಚಿದರೆ ಸದ್ದು ಕಿವಿಗೆ ಎರಡು ಪಟ್ಟಾದಂತೆ ತೋರುತ್ತದೆ. ಅಮ್ಮ ಬೆಚ್ಚಿದ್ದು ಆ ಕಾರಣಕ್ಕೇ.

ತುಟಿಗೂ ಮಾತಿಗೂ ಹೊಂದಿಕೆಯಾಗದಿರುವುದು ಇನ್ನೊಂದು. ಟಿವಿ ಚಿತ್ರವನ್ನು ತಿದ್ದಿ ತೀಡಲು ಒಂದಿಷ್ಟು ಸಮಯ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಪ್ರೊಸೆಸರ್‌ನಿಂದ ಮಾತು ಹೊರಟುಹೋಗಿರುತ್ತದೆ. ಡಿಟಿಎಚ್‌ನಲ್ಲಿ ಇದು ಎದ್ದು ಕಾಣುತ್ತಿತ್ತು. ಇದನ್ನು ಅಳೆಯಲು ನಮ್ಮ ಭಾಷೆಯೇ ಒಳ್ಳೆಯ ಉಪಾಯ ಕೊಡುತ್ತದೆ. ವಾರ್ತೆ ಓದುವವರ ಮುಖವನ್ನೇ ನೋಡುತ್ತ ಪ, ಬ, ಮ ಅಕ್ಷರಗಳಿಗೆ ಕಾಯಬೇಕು. ಓಷ್ಠ್ಯಾಕ್ಷರಗಳಾದ್ದರಿಂದ ತುಟಿಗಳು ಮುಚ್ಚಲೇಬೇಕು. ‘ಬೆಂಗಳೂರು’, ‘ಮುಖ್ಯಮಂತ್ರಿ’, ‘ಪೊಲೀಸರು’ ಎಂಬ ಪದಗಳು ವಾರ್ತೆಯಲ್ಲಿ ನಿಮಿಷಕ್ಕೊಮ್ಮೆಯಾದರೂ ಬರುತ್ತವೆ. ತುಟಿ ಮುಚ್ಚುವ ಮೊದಲೇ ‘ಬ’ ಕೇಳಿಸಿದರೆ ಮಾತು ಮುಂದೋಡುತ್ತಿದೆ ಎಂದು ತಿಳಿಯಬೇಕು. ನಮ್ಮ ಟಿವಿ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡು. ಆ ಮೂಲದ ಆಡಿಯೊ ಡಿಲೇಯನ್ನು 40, 80, 120 ಎಂದು ಏರಿಸುತ್ತ ನೋಡಿದಾಗ 80ಕ್ಕೆ ತುಟಿಯೂ ಮಾತೂ ಕೂಡಿಕೊಂಡವು. ಟಿವಿಯ ಆ್ಯಪ್‌ಗಳಲ್ಲಿ ಸ್ಥಿತಿ ಬೇರೆ, ಅಲ್ಲಿ ಸೊನ್ನೆಯಲ್ಲೇ ಸರಿಯಿತ್ತು. ಒಂದು ಮಾತು ನೆನಪಿನಲ್ಲಿರಬೇಕು: ಡಿಲೇ ಧ್ವನಿಯನ್ನು ತಡಮಾಡಬಲ್ಲದೇ ಹೊರತು ಹಿಂದುಳಿದ ಧ್ವನಿಯನ್ನು ಮುಂದಕ್ಕೆ ತರಲಾರದು. ಧ್ವನಿಯೇ ಹಿಂದೆ ಬಿದ್ದಿದ್ದರೆ ದೋಷವನ್ನು ಬೇರೆಲ್ಲಾದರೂ ಹುಡುಕಬೇಕು.

ಅಮ್ಮನ ಬೇಡಿಕೆ ಮೊದಲ ದಿನದಿಂದ ಒಂದೇ ಆಗಿತ್ತು. “ನಂಗೆ ಒಂದು ಗುಂಡಿ ಸಾಕಪ್ಪ. ಅದನ್ನೊತ್ತಿದ್ರೆ ಟಿವಿ ಬರ್ಬೇಕು, ಅಷ್ಟೆ.” ಎಚ್‌ಡಿಎಂಐ ಕಂಟ್ರೋಲ್ ಆನ್ ಇದ್ದುದರಿಂದ ಒಂದು ಸಾಧನ ಎದ್ದರೆ ಉಳಿದವೂ ಏಳುತ್ತಿದ್ದವು, ಬ್ಲೂ-ರೇ ಪ್ಲೇಯರ್ ತಾನಾಗಿ ಎಚ್ಚರಗೊಂಡು ಅಮ್ಮನ ಧಾರಾವಾಹಿಯ ನಡುವೆ ತನ್ನ ಮೆನುವನ್ನು ಪರದೆಯ ಮೇಲೆ ತರುತ್ತಿತ್ತು. ನನ್ನ ಪ್ರೊಸೆಸರ್‌ನಲ್ಲಿ ಟಿವಿಯಿಂದ ಹಿಂದಕ್ಕೆ ಧ್ವನಿ ತರಲು ಈ ಕಂಟ್ರೋಲ್ ಇರಬೇಕಾದ್ದರಿಂದ ಪೂರ್ತಿ ಆಫ್ ಮಾಡುವಂತಿರಲಿಲ್ಲ. ಪ್ಲೇಯರ್‌ನ ಮೆನುವಿಗೆ ಹೋಗಿ ಅದರಲ್ಲಿ ಮಾತ್ರ ಆಫ್ ಮಾಡಿದೆ, ಟಿವಿ ಮತ್ತು ಪ್ರೊಸೆಸರ್ ನಡುವೆ ಉಳಿಸಿಕೊಂಡೆ.

ಕೊನೆಗೆ ಹೆಸರುಗಳು. ಬಳಸದ ಮೂಲಗಳನ್ನು, ಅಂದರೆ ಗೇಮ್, ಡಿವಿಡಿ, ಆಕ್ಸ್, ಟ್ಯೂನರ್ ಇವೆಲ್ಲವನ್ನೂ ಪಟ್ಟಿಯಿಂದ ಮರೆಮಾಡಿದೆ. ಉಳಿದ ಐದಕ್ಕೆ ಹೊಸ ಹೆಸರು ಕೊಟ್ಟೆ. ಪ್ರೊಸೆಸರ್‌ನಲ್ಲಿ ಕನ್ನಡ ಅಕ್ಷರಗಳಿಲ್ಲದಿರುವುದು ನನಗೆ ನಿಜವಾಗಿಯೂ ಬೇಸರ ತರಿಸಿತು. ಮನೆಮಂದಿ ದಿನವೂ ಓದುವ ಹೆಸರು ಅವರ ಲಿಪಿಯಲ್ಲಿ ಇರಬೇಕು. ಇಂಗ್ಲಿಷ್ ಅಕ್ಷರಗಳಲ್ಲೇ ‘ಅಮ್ಮ ಟಿವಿ’, ‘ಅಪ್ಪ ಹಾಡು’, ‘ಸಿನಿಮಾ’, ‘ಆ್ಯಪ್’, ‘ಸಿಡಿ’ ಎಂದು ತುಂಬಿ, ರಿಮೋಟ್‌ನ ಗುಂಡಿಗಳ ಮೇಲೆ ಅದೇ ಬಿಳಿ ಅಂಟುಪಟ್ಟಿಯ ಸಣ್ಣ ತುಂಡುಗಳಲ್ಲಿ ಕನ್ನಡದಲ್ಲಿ ಬರೆಸಿದೆ. ಚಾಲೂ ಆದಾಗಿನ ವಾಲ್ಯೂಮ್ ಎಷ್ಟಿರಬೇಕು, ಗರಿಷ್ಠ ಎಷ್ಟಕ್ಕೆ ನಿಲ್ಲಬೇಕು ಎಂಬುದನ್ನೂ ಅದೇ ದಿನ ಗೊತ್ತುಮಾಡಿದೆ.

ಎಲ್ಲ ಮುಗಿದ ಮೇಲೆ ಪ್ರೊಸೆಸರ್‌ನ ಬೆನ್ನಿನ ಫೋಟೊ ತೆಗೆದು, ಮೆನುವಿನ ಪ್ರತಿ ಪುಟದ ಅಂಕಿಗಳನ್ನು ಆ ಕ್ಯಾಲೆಂಡರ್ ಹಾಳೆಯಲ್ಲೇ ನೀಟಾಗಿ ಬರೆದು, ರ‍್ಯಾಕ್‌ನ ಬಾಗಿಲಿನ ಒಳಬದಿಗೆ ಅಂಟಿಸಿದೆ. ಮೊನ್ನೆ ನಾನು ಕೆಲಸದ ಮೇಲೆ ಕೋಲಾರಕ್ಕೆ ಹೋಗಿದ್ದಾಗ ಸೆಟ್‌ಟಾಪ್ ಬಾಕ್ಸ್ ಕೆಟ್ಟು, ಅದನ್ನು ಬದಲಿಸಲು ಬಂದವರು ಎಚ್‌ಡಿಎಂಐ ಕೇಬಲ್ ಎಲ್ಲಿಗೆ ಹಾಕಬೇಕೆಂದು ಕೇಳಿದರಂತೆ. ಅಪ್ಪ ಬಾಗಿಲು ತೆರೆದು ಹಾಳೆ ನೋಡಿ, ‘ಡಿಟಿಎಚ್ – 1’ ಎಂಬ ಬಾವುಟವಿದ್ದ ತುದಿಯನ್ನು ಹುಡುಕಿ ಅವರ ಕೈಗೆ ಕೊಟ್ಟರು. ಸಂಜೆ ಏಳೂವರೆಯ ಧಾರಾವಾಹಿಗೆ ಅಮ್ಮ ತಮ್ಮ ಗುಂಡಿ ಒತ್ತಿದಾಗ ಟಿವಿ ಬಂತು.